ಗಾಯ ಮಾಗಿತು, ನೋವು ಉಳಿಯಿತು

(ಸ್ತನ ಕ್ಯಾನ್ಸರ್ ಆಪರೇಷನ್ ಆದ ಮಹಿಳೆಯರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ ಹೇಳುತ್ತೇನೆ. ನಿಮ್ಮ ಒಂದು ಕೈಯನ್ನು ಇನ್ನೊಂದು ಕಂಕುಳಿನಲ್ಲಿ ಇಡಿ. ಆಪರೇಷನ್ ಆದ ಕಡೆ ಮುಟ್ಟಲು ಮನಸ್ಸಿಲ್ಲದಿದ್ದರೆ ಬೇಡ, ಇನ್ನೊಂದು ಕಡೆ ಮಾಡಿ. ಅಲ್ಲಿಂದ ತೋಳಿನ ಒಳಗಡೆಯಲ್ಲೇ ಮೊಣಕೈವರೆಗೆ ಮೆಲ್ಲಗೆ ಸವರಿಕೊಂಡು ಬನ್ನಿ. ನಿಮ್ಮ ಬೆರಳು ಹೋದ ದಾರಿಯಲ್ಲೇ, ಚರ್ಮದ ಕೆಳಗೆ ಒಂದು ನರ ಇದೆ. ಎರಡನೇ ಪಕ್ಕೆಲುಬಿನ ಕೆಳಗಿನ ಸಂದಿಯಿಂದ ಹೊರಟು, ಕಂಕುಳನ್ನು ಅಡ್ಡ ದಾಟಿ, ತೋಳಿಗೆ ಬರುತ್ತದೆ. ಡಾಕ್ಟರುಗಳು ಅದನ್ನು ಇಂಟರ್‌ಕಾಸ್ಟೊಬ್ರೇಕಿಯಲ್ ನರ ಅನ್ನುತ್ತಾರೆ. ಹೆಸರು ಮರೆತರೂ ಪರವಾಗಿಲ್ಲ, ದಾರಿ ನೆನಪಿರಲಿ. ಕೈ ಎತ್ತಿಸುವುದು, ಬೆರಳು ಮಡಿಸುವುದು ಈ ನರದ ಕೆಲಸ ಅಲ್ಲ. ಆ ಜಾಗಕ್ಕೆ ಏನಾದರೂ ತಾಗಿದರೆ ತಿಳಿಸುವುದಷ್ಟೇ ಅದರ ಕೆಲಸ.

ನನ್ನ ಬಲಗಡೆ ಆ ನರ ತುಂಡಾಗಿದೆ. ಆರು ವರ್ಷದ ಹಿಂದೆ ನನ್ನ ಬಲ ಸ್ತನ ತೆಗೆದರು. ಜೊತೆಗೆ ಕಂಕುಳಿನ ದುಗ್ಧಗ್ರಂಥಿಗಳನ್ನೂ, ಅಂದರೆ ಲಿಂಫ್ ನೋಡ್ ಅನ್ನುವ ಸಣ್ಣ ಗಂಟುಗಳನ್ನೂ, ತೆಗೆದರು. ಆ ಗ್ರಂಥಿಗಳು ಕೊಬ್ಬಿನ ನಡುವೆ ಹುದುಗಿರುತ್ತವೆ, ನರ ಅದರ ಮಧ್ಯದಲ್ಲೇ ಹಾಯ್ದುಹೋಗುತ್ತದೆ. ಎಷ್ಟು ಜೋಪಾನ ಮಾಡಿದರೂ ಕೆಲವೊಮ್ಮೆ ಅದು ಎಳೆದಾಡಿಸಿಕೊಳ್ಳುತ್ತದೆ, ಕೆಲವೊಮ್ಮೆ ಕತ್ತರಿಸಬೇಕಾಗಿಯೇ ಬರುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಹೀಗೊಂದು ನರ ಇತ್ತು, ಅದು ಹೋಗಿದೆ ಎನ್ನುವುದು ನನಗೆ ಗೊತ್ತಾಗಿದ್ದು ಆಪರೇಷನ್ ಆಗಿ ಹನ್ನೊಂದು ತಿಂಗಳಾದ ಮೇಲೆ. ಅಷ್ಟು ದಿನ ನನಗೆ ಏನೋ ಹುಚ್ಚು ಹಿಡಿಯುತ್ತಿದೆ ಅಂದುಕೊಂಡಿದ್ದೆ.

ಯಾಕೆ ಅಂತ ಹೇಳುತ್ತೇನೆ. ಗಾಯ ಒಂದೂವರೆ ತಿಂಗಳಲ್ಲಿ ಮಾಗಿತು. ಹೊಲಿಗೆ ಬಿಚ್ಚಿದ ಗುರುತು ತೆಳ್ಳಗೆ, ನೇರವಾಗಿ ಕೂತಿತು. ನೋಡಿದವರೆಲ್ಲ ಚೆನ್ನಾಗಿ ಮಾಗಿದೆ ಅಂದರು. ಆದರೆ ರಾತ್ರಿ ಹೊದಿಕೆಯ ಅಂಚು ತೋಳಿಗೆ ತಾಗಿದರೆ ಸಾಕು, ಕೆಂಡ ಸವರಿದ ಹಾಗೆ ಉರಿಯುತ್ತಿತ್ತು. ಅದೇ ಜಾಗವನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದರೆ ಏನೂ ಆಗುತ್ತಿರಲಿಲ್ಲ. ಬೆರಳಲ್ಲಿ ಮುಟ್ಟಿದರೆ ಮರಗಟ್ಟಿದ ಹಾಗೆ, ಬೇರೆಯವರ ತೋಳು ಮುಟ್ಟಿದ ಹಾಗೆ. ಮುಟ್ಟಿದ್ದು ತಿಳಿಯದ ಜಾಗ ಉರಿಯುವುದು ಹೇಗೆ? ಬಟ್ಟೆ ಸೋಕಿದರೆ ನೋವು, ಒತ್ತಿದರೆ ಇಲ್ಲ ಅಂದರೆ ಯಾರು ನಂಬುತ್ತಾರೆ? ನಾನೇ ನಂಬಿರಲಿಲ್ಲ.

ತಪಾಸಣೆಗೆ ಹೋದಾಗ ಡಾಕ್ಟರು ಗಾಯ ನೋಡಿದರು. "ತುಂಬ ಚೆನ್ನಾಗಿದೆ. ಬೇರೆ ಏನಾದರೂ ತೊಂದರೆ ಇದೆಯಾ?" ಅಂದರು. "ಇಲ್ಲ, ಪರವಾಗಿಲ್ಲ" ಅಂದೆ. ಅದರ ಹಿಂದಿನ ಸಲ "ನೋವಿದೆ" ಅಂದಿದ್ದೆ. "ಆಪರೇಷನ್ ಆಗಿದೆಯಲ್ಲ, ಸ್ವಲ್ಪ ದಿನ ಇರುತ್ತೆ" ಅಂತ ಉತ್ತರ ಬಂದಿತ್ತು. ಈ ಸಲ ಕೇಳಿದರೂ ನಾನೇ ಬಾಯಿ ಬಿಡಲಿಲ್ಲ. ಜೀವ ಉಳಿಸಿಕೊಟ್ಟವರ ಮುಂದೆ ಉರಿ, ಜೋಮು ಅಂತ ದೂರು ಹೇಳುವುದಾ ಅನ್ನಿಸಿತು. ಇನ್ನೊಂದು ಕಾರಣವೂ ಇತ್ತು. ನೋವು ಅಂದರೆ ಮತ್ತೆ ಸ್ಕ್ಯಾನ್ ಬರೆಯುತ್ತಾರೆ, ಸ್ಕ್ಯಾನ್‌ನಲ್ಲಿ ಏನಾದರೂ ಕಂಡರೆ? ಹೇಳದಿದ್ದರೆ ಇಲ್ಲವೇ ಇಲ್ಲ ಅನ್ನುವ ಮಗುವಿನ ಲೆಕ್ಕ ನನ್ನದು.

ಹೀಗೆ ಬಾಯಿ ಮುಚ್ಚಿಕೊಂಡಿದ್ದು ನಾನೊಬ್ಬಳೇ ಅಲ್ಲ. ಡೆನ್ಮಾರ್ಕ್ ದೇಶದಲ್ಲಿ 2005 ಮತ್ತು 2006ರಲ್ಲಿ ಸ್ತನ ಕ್ಯಾನ್ಸರ್ ಆಪರೇಷನ್ ಆದ ಮಹಿಳೆಯರಿಗೆ ಒಂದು ಪ್ರಶ್ನಾವಳಿ ಕಳಿಸಿದ್ದರು. 3,253 ಮಂದಿ ಉತ್ತರ ಬರೆದರು. ಆಪರೇಷನ್ ಆಗಿ ಸರಾಸರಿ ಎರಡು ವರ್ಷ ದಾಟಿತ್ತು. ಆದರೂ 100ಕ್ಕೆ 47 ಮಂದಿ ಇನ್ನೂ ನೋವಿದೆ ಅಂದರು. ಮುಟ್ಟಿದ್ದು ಸರಿಯಾಗಿ ತಿಳಿಯುವುದಿಲ್ಲ, ಜುಮ್ಮೆನ್ನುತ್ತದೆ ಅಂದವರು 100ಕ್ಕೆ 58. ಇದು 2009ರಲ್ಲಿ ಪ್ರಕಟವಾಯಿತು. ಅದನ್ನು ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ ಅಂಕಿ ಬೇರೆ. ನೋವಿದ್ದವರಲ್ಲಿ ಹಿಂದಿನ ಮೂರು ತಿಂಗಳಲ್ಲಿ ಆ ನೋವಿಗೆಂದು ಡಾಕ್ಟರ ಹತ್ತಿರ ಹೋದವರು ಐವರಲ್ಲಿ ಒಬ್ಬರು ಮಾತ್ರ. ಉಳಿದ ನಾಲ್ವರು? ಅವರಲ್ಲಿ ಕೆಲವರಿಗೆ ನೋವು ತೀರಾ ಕಡಿಮೆ ಇದ್ದಿರಬಹುದು, ಒಪ್ಪುತ್ತೇನೆ. ಆದರೆ ನನ್ನ ಹಾಗೆ "ಪರವಾಗಿಲ್ಲ" ಅಂದವರೂ ಇದ್ದೇ ಇರುತ್ತಾರೆ, ಅಲ್ವಾ?

ನಮ್ಮ ಭಾಷೆಯಲ್ಲಿ ನೋವು ನುಂಗಿಕೊಂಡಳು ಅನ್ನುವುದು ಹೊಗಳಿಕೆಯ ಮಾತು. ನಾನೂ ಅದನ್ನು ದೊಡ್ಡ ಗುಣ ಅಂತಲೇ ತಿಳಿದಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ನೋವು ನುಂಗಿದರೆ ಕರಗುವುದಿಲ್ಲ. ಇವತ್ತು ನಿಮ್ಮನ್ನು ಬೇಡಿಕೊಳ್ಳುವುದು ಇಷ್ಟೇ. ನೋವನ್ನು ಹೇಳಿ. ಸುಮ್ನೆ "ನೋವಿದೆ" ಅಂತಲ್ಲ, ಎಲ್ಲಿ, ಹೇಗೆ, ಯಾವಾಗ ಅಂತ ಬಿಡಿಸಿ ಹೇಳಿ.

ಈ ಬಿಡಿಸಿ ಹೇಳುವುದನ್ನು ನನಗೆ ಕಲಿಸಿದವರು ಒಬ್ಬ ಫಿಸಿಯೋಥೆರಪಿಸ್ಟ್. ಹನ್ನೊಂದನೇ ತಿಂಗಳಲ್ಲಿ ಭುಜ ಎತ್ತಲಾಗದೆ ಅವರ ಹತ್ತಿರ ಹೋದೆ. "ನೋವು ಹೇಗಿದೆ?" ಅಂದರು. "ಜಾಸ್ತಿ ಇದೆ" ಅಂದೆ. "ಎಷ್ಟಿದೆ ಅಂತ ಕೇಳಲಿಲ್ಲ, ಹೇಗಿದೆ ಅಂತ ಕೇಳಿದೆ. ಉರಿಯಾ? ಸೆಳೆತವಾ? ಚುಚ್ಚುತ್ತಾ? ಹಿಂಡಿದ ಹಾಗಾ?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆಮೇಲೆ ಹೇಳಿದೆ. ತೋಳಲ್ಲಿ ಉರಿ. ಕಂಕುಳಲ್ಲಿ ದಾರ ಕಟ್ಟಿ ಎಳೆದ ಹಾಗೆ. ಎದೆಯ ಗುರುತಿನ ಮೇಲೆ ಒಮ್ಮೊಮ್ಮೆ ಚಳಕ್ ಅಂತ ಹೊಡೆಯುತ್ತದೆ. ಅವರು ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಂಡರು. "ನಿಮಗೆ ಇರುವುದು ಒಂದು ನೋವಲ್ಲ, ಮೂರು" ಅಂದರು. ಆ ದಿನ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ಅಲ್ಲೇ ಕೂತು ಅತ್ತುಬಿಟ್ಟೆ.

ನೋವಿನ ಪದಗಳಿಗೆ ವೈದ್ಯಕೀಯದಲ್ಲೇ ದೊಡ್ಡ ಜಾಗ ಇದೆ. ರೊನಾಲ್ಡ್ ಮೆಲ್ಜಾಕ್ ಎಂಬ ಕೆನಡಾದ ಮನೋವಿಜ್ಞಾನಿ ನೋವಿರುವವರು ಆಡುವ ಪದಗಳನ್ನು ಕೂಡಿಹಾಕಿದರು. 1975ರಲ್ಲಿ 78 ಪದಗಳನ್ನು 20 ಗುಂಪು ಮಾಡಿ ಒಂದು ಪ್ರಶ್ನಾವಳಿ ತಂದರು. ಅದು ಇವತ್ತಿಗೂ ಬಳಕೆಯಲ್ಲಿದೆ. ಅವರ ಪದಗಳು ಇಂಗ್ಲಿಷಿನವು. ನಮ್ಮಲ್ಲಿ ಪದಗಳಿಗೇನು ಬರವೇ? ಉರಿ, ಕುಟುಕು, ಇರಿತ, ಸೆಳೆತ, ಸೆಟೆತ, ಜೋಮು, ಬಿಗಿತ, ತುಡಿತ, ಕೆರೆತ, ಭಾರ. ಇರುವೆ ಹರಿದ ಹಾಗೆ, ಸೂಜಿ ಆಡಿಸಿದ ಹಾಗೆ, ಕರೆಂಟ್ ಹೊಡೆದ ಹಾಗೆ. ಒಂದೊಂದು ಪದವೂ ಒಂದೊಂದು ಕಡೆ ಬೆರಳು ತೋರಿಸುತ್ತದೆ. ಡಾಕ್ಟರಿಗೆ ನಿಮ್ಮ ನರ ಕಾಣುವುದಿಲ್ಲ. ಬಹಳ ಸಲ ಸ್ಕ್ಯಾನಿನಲ್ಲೂ ಕಾಣುವುದಿಲ್ಲ. ನಿಮ್ಮ ಪದವೇ ಅವರಿಗೆ ಸಿಗುವ ಸುಳಿವು.

ಉರಿ, ಕರೆಂಟ್ ಹೊಡೆದ ಹಾಗೆ, ಜೋಮು, ಬಟ್ಟೆ ಸೋಕಿದರೂ ತಡೆಯಲಾಗದ್ದು, ಇವೆಲ್ಲ ಹೆಚ್ಚಾಗಿ ನರದ ನೋವು. ಪೆಟ್ಟು ತಿಂದ ನರ ಸುಮ್ಮನೆ ಇರುವುದಿಲ್ಲ. ಯಾರೂ ಮುಟ್ಟದಿದ್ದರೂ ಸುದ್ದಿ ಕಳಿಸುತ್ತದೆ. ಅದನ್ನು ಕೇಳಿ ಕೇಳಿ ಬೆನ್ನುಹುರಿ, ಮಿದುಳು ಎರಡೂ ಸೂಕ್ಷ್ಮವಾಗುತ್ತವೆ. ಹಾವು ಕಚ್ಚಿಸಿಕೊಂಡವನು ಹಗ್ಗ ಕಂಡರೂ ಬೆಚ್ಚುತ್ತಾನೆ ಅನ್ನುತ್ತಾರಲ್ಲ, ಹಾಗೆ. ಹೊದಿಕೆಯ ಅಂಚು ಹಗ್ಗ. ಮೈಗೆ ಅದು ಹಾವು. ಬೆಚ್ಚುವುದು ನಾಟಕ ಅಲ್ಲ, ನೋವು ನಿಜವಾಗಿಯೂ ಆಗುತ್ತದೆ. ನೋವಿನ ಬಗ್ಗೆ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವು ಎಂದರೇನು ಎಂಬ ತನ್ನ ವಿವರಣೆಯನ್ನು ತಿದ್ದಿ ಬರೆಯಿತು. ಒಬ್ಬರು ನನಗೆ ನೋವಿದೆ ಅಂದರೆ ಆ ಮಾತಿಗೆ ಬೆಲೆ ಕೊಡಬೇಕು ಎಂದು ಅದರಲ್ಲೇ ಸೇರಿಸಿದೆ. ನಿಮ್ಮ ಮಾತನ್ನು ಯಾರಾದರೂ ತಳ್ಳಿಹಾಕಿದರೆ ಇದನ್ನು ನೆನಪಿಟ್ಟುಕೊಳ್ಳಿ.

ನರದ ನೋವಿಗೆ ಮಾಮೂಲಿ ನೋವಿನ ಮಾತ್ರೆ ಅಷ್ಟಾಗಿ ನಾಟುವುದಿಲ್ಲ. ಎರಡು ನುಂಗಿದರೂ ಕಮ್ಮಿ ಆಗಲಿಲ್ಲ ಅಂತ ನಾಲ್ಕು ನುಂಗಬೇಡಿ, ಹೊಟ್ಟೆಗೂ ಕಿಡ್ನಿಗೂ ತೊಂದರೆ. ಇದಕ್ಕೆ ಬೇರೆ ಔಷಧಿಗಳಿವೆ. ಗಾಬಾಪೆಂಟಿನ್, ಪ್ರಿಗಾಬಲಿನ್, ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್ ಇಂಥವು. ಡಾಕ್ಟರು ಚಿಕ್ಕ ಪ್ರಮಾಣದಲ್ಲಿ ಶುರು ಮಾಡಿ ನಿಧಾನವಾಗಿ ಏರಿಸುತ್ತಾರೆ. ಕೆಲಸ ಮಾಡಲು ಕೆಲವು ವಾರ ಬೇಕು. ಮೊದಮೊದಲು ಮಂಪರು, ಬಾಯಿ ಒಣಗುವುದು, ತಲೆ ತಿರುಗುವುದು ಇರಬಹುದು. ನಾಲ್ಕು ದಿನ ತಗೊಂಡು ಏನೂ ಆಗಲಿಲ್ಲ ಅಂತ ಬಿಡಬೇಡಿ. ಎಷ್ಟೋ ದಿನ ತಗೊಂಡಿದ್ದನ್ನು ಒಂದೇ ಸಲ ನಿಲ್ಲಿಸುವುದೂ ಬೇಡ.

ಇಲ್ಲಿ ಒಂದು ಸಂಕಟ ಇದೆ. ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್ ಎರಡೂ ಖಿನ್ನತೆಗೂ ಕೊಡುವ ಔಷಧಿಗಳು. ಗಾಬಾಪೆಂಟಿನ್ ಅಪಸ್ಮಾರಕ್ಕೂ ಕೊಡುವಂಥದ್ದು. ಡಬ್ಬಿಯೊಳಗಿನ ಚೀಟಿ ಓದಿ ಒಬ್ಬರು ನನ್ನ ಹತ್ತಿರ ಅತ್ತುಕೊಂಡು ಬಂದಿದ್ದರು. "ಅಕ್ಕ, ನಾನು ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡು ತಲೆ ಸರಿ ಇಲ್ಲದವರ ಮಾತ್ರೆ ಕೊಟ್ಟಿದ್ದಾರೆ." ಹಾಗಲ್ಲ. ನರಗಳ ನಡುವೆ ಸುದ್ದಿ ಸಾಗಿಸುವ ರಾಸಾಯನಿಕಗಳ ಮೇಲೆ ಈ ಔಷಧಿಗಳು ಕೆಲಸ ಮಾಡುತ್ತವೆ. ಅದರಿಂದಲೇ ನೋವಿಗೂ ಆಗಿಬರುತ್ತವೆ. ಬರೆದುಕೊಡುವಾಗ ಇದನ್ನು ಎರಡು ಮಾತಲ್ಲಿ ಹೇಳಿದ್ದರೆ ಆ ತಂಗಿ ಮೂರು ರಾತ್ರಿ ನಿದ್ದೆಗೆಡುತ್ತಿರಲಿಲ್ಲ. ಯಾರೂ ಹೇಳದಿದ್ದರೆ ನೀವೇ ಕೇಳಿ.

ಇನ್ನೊಂದು ಮುಖ್ಯ ವಿಷಯ. ಕ್ಯಾನ್ಸರ್ ಮರಳದಂತೆ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆ ತಗೊಳ್ಳುತ್ತಿರುವವರು ಹೊಸ ಮಾತ್ರೆ ಯಾವುದೇ ಬಂದರೂ ಅದನ್ನು ಹೇಳಲೇಬೇಕು. ಟ್ಯಾಮಾಕ್ಸಿಫೆನ್ ಪಿತ್ತಜನಕಾಂಗದಲ್ಲಿ ಬದಲಾದ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್, ಫ್ಲುಯಾಕ್ಸೆಟಿನ್ ಆ ಬದಲಾವಣೆಗೆ ಅಡ್ಡ ಬರುತ್ತವೆ. ಡುಲೊಕ್ಸೆಟಿನ್ ಕೂಡ ಸ್ವಲ್ಪ ಮಟ್ಟಿಗೆ ಬರುತ್ತದೆ. ಬೇರೆ ಆಯ್ಕೆಗಳಿವೆ. ಆದರೆ ನೋವಿನ ಡಾಕ್ಟರಿಗೆ ನಿಮ್ಮ ಕ್ಯಾನ್ಸರ್ ಮಾತ್ರೆಯ ಹೆಸರು ಗೊತ್ತಿರಬೇಕು. ಮಾತ್ರೆಗಳ ಪಟ್ಟಿ ಚೀಲದಲ್ಲೇ ಇಟ್ಟುಕೊಂಡಿರಿ.

ಮಾತ್ರೆ ಇಲ್ಲದೆ ನನಗೆ ತುಂಬ ಸಹಾಯ ಮಾಡಿದ್ದು ಒಂದು ಹತ್ತಿ ಉಂಡೆ. ನಗಬೇಡಿ. ಗಾಯ ಪೂರ್ತಿ ಮಾಗಿದ ಮೇಲೆ ಆ ಫಿಸಿಯೋ ಹೇಳಿಕೊಟ್ಟ ಕೆಲಸ ಇದು. ಮೊದಲು ಹತ್ತಿಯಿಂದ ಉರಿಯುವ ಜಾಗದ ಅಂಚಿನಲ್ಲಿ, ಚೆನ್ನಾಗಿರುವ ಚರ್ಮದಿಂದ ಶುರು ಮಾಡಿ ಒಳಕ್ಕೆ ಸವರುವುದು. ಒಂದೆರಡು ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ಅದು ಅಭ್ಯಾಸವಾದರೆ ನುಣುಪು ಬಟ್ಟೆ. ಆಮೇಲೆ ಸ್ವಲ್ಪ ಒರಟು ಬಟ್ಟೆ. ಕೊನೆಗೆ ಟವೆಲ್. ಹತ್ತಿಯಿಂದ ಟವೆಲ್‌ಗೆ ಬರಲು ನನಗೆ ಒಂಬತ್ತು ವಾರ ಹಿಡಿಯಿತು. ಮೊದಲ ವಾರ ಹಲ್ಲು ಕಚ್ಚಿಕೊಂಡು ಮಾಡಿದೆ. ಒಂಬತ್ತನೇ ವಾರದ ಒಂದು ದಿನ ಸ್ನಾನ ಮುಗಿಸಿ, ಏನೋ ಯೋಚನೆ ಮಾಡುತ್ತಾ ತೋಳು ಒರೆಸಿಕೊಂಡುಬಿಟ್ಟಿದ್ದೆ. ಒರೆಸಿದ ಮೇಲೆ ಗೊತ್ತಾಯಿತು, ಉರಿ ಬರಲಿಲ್ಲ ಅಂತ. ಟವೆಲ್ ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದೆ. ಇದು ತೀರ ನಿರುಪದ್ರವಿ ಅಂತ ಮೈಗೆ ಮತ್ತೆ ಮತ್ತೆ ತೋರಿಸಬೇಕು. ಹಗ್ಗ ಹಗ್ಗವೇ ಅಂತ ನಂಬಲು ಅದಕ್ಕೆ ಸಮಯ ಬೇಕು.

ಪೆಟ್ಟು ಬಿದ್ದ ಕೂಡಲೇ ಕೈ ತಾನಾಗಿ ಆ ಜಾಗ ಉಜ್ಜುತ್ತದೆ, ಅಲ್ವಾ? ಅದಕ್ಕೂ ಕಾರಣ ಇದೆ. ಇದೇ ಮೆಲ್ಜಾಕ್, ಪ್ಯಾಟ್ರಿಕ್ ವಾಲ್ ಎಂಬುವರ ಜೊತೆ ಸೇರಿ 1965ರಲ್ಲಿ ಒಂದು ವಾದ ಮುಂದಿಟ್ಟರು. ಬೆನ್ನುಹುರಿಯಲ್ಲಿ ಬಾಗಿಲಿನಂಥದ್ದೊಂದು ಇದೆ, ಸ್ಪರ್ಶದ ಸುದ್ದಿ ಬಂದರೆ ನೋವಿನ ಸುದ್ದಿಗೆ ಬಾಗಿಲು ಅರ್ಧ ಮುಚ್ಚುತ್ತದೆ ಎಂದು. ಮೇಲಿನಿಂದ, ಅಂದರೆ ಮಿದುಳಿನಿಂದ, ಬರುವ ಸುದ್ದಿಯೂ ಆ ಬಾಗಿಲನ್ನು ಆಡಿಸುತ್ತದೆ. ನಿದ್ದೆ ಕೆಟ್ಟ ದಿನ, ಹೆದರಿದ ದಿನ ಅದೇ ನೋವು ಯಾಕೆ ಜಾಸ್ತಿ ಅನ್ನುವುದು ನನಗೆ ಆಗ ಅರ್ಥವಾಯಿತು. "ಎಲ್ಲಾ ನಿನ್ನ ಮನಸ್ಸಿನಲ್ಲಿದೆ" ಅನ್ನುವ ಮಾತಿಗೂ ಇದಕ್ಕೂ ಅಜಗಜಾಂತರ. ನೋವು ಮೈಯಲ್ಲೇ ಇದೆ. ಅದು ಎಷ್ಟು ಜೋರಾಗಿ ಕೇಳಿಸುತ್ತದೆ ಅನ್ನುವುದರಲ್ಲಿ ಮನಸ್ಸಿಗೆ, ನಿದ್ದೆಗೆ ಪಾಲಿದೆ.

ಈಗ ಫಿಸಿಯೋ ಬರೆದುಕೊಂಡ ಎರಡನೇ ಸಾಲು, ದಾರ ಕಟ್ಟಿ ಎಳೆದ ಹಾಗೆ. ಕನ್ನಡಿ ಮುಂದೆ ನಿಂತು ಕೈ ಪಕ್ಕಕ್ಕೆ ಎತ್ತಿ ನೋಡಿ. ಕಂಕುಳಿನಲ್ಲಿ ಚರ್ಮದ ಕೆಳಗೆ ನಿಜವಾಗಿಯೂ ದಾರದಂಥದ್ದು ಬಿಗಿದು ನಿಲ್ಲುತ್ತದೆಯಾ? ಕೆಲವರಿಗೆ ಮೊಣಕೈ ದಾಟಿ ಮಣಿಕಟ್ಟಿನವರೆಗೂ ಹೋಗುತ್ತದೆ. ಆಪರೇಷನ್ ಆದ ಮೊದಲ ಕೆಲವು ವಾರಗಳಲ್ಲಿ ಇದು ಬರುವುದು ಸಾಮಾನ್ಯ. ನೋಡಿದರೆ ಭಯವಾಗುತ್ತದೆ, ಆದರೆ ಇದು ಕ್ಯಾನ್ಸರ್ ಅಲ್ಲ. ದುಗ್ಧನಾಳಗಳು ಬಿಗಿದುಕೊಂಡು ಹಾಗೆ ಆಗುತ್ತದೆ ಎನ್ನುತ್ತಾರೆ. ಬಹಳ ಮಂದಿಗೆ ಹಗುರ ವ್ಯಾಯಾಮದಿಂದ ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ. ನನ್ನದು ಭುಜ ಬಿಗಿದುಕೊಳ್ಳುವ ತನಕ ಬಿಟ್ಟಿದ್ದರಿಂದ ಕಷ್ಟವಾಯಿತು. ನೋವಾಗುತ್ತದೆ ಅಂತ ಕೈಯನ್ನು ಮೈಗೆ ಅಂಟಿಸಿಕೊಂಡೇ ಇದ್ದೆ. ಕೈ ಆಡಿಸದಿದ್ದಷ್ಟೂ ಭುಜ ಬಿಗಿಯಿತು. ಬಿಗಿದಷ್ಟೂ ನೋವು ಹೆಚ್ಚಿತು.

ಬ್ರಿಟನ್ನಿನಲ್ಲಿ 392 ಮಹಿಳೆಯರ ಮೇಲೆ ನಡೆದ ಒಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಭುಜದ ತೊಂದರೆ ಬರುವ ಸಾಧ್ಯತೆ ಜಾಸ್ತಿ ಇದ್ದವರನ್ನೇ ಆರಿಸಿದ್ದರು. ಅರ್ಧ ಮಂದಿಗೆ ಆಪರೇಷನ್ ಆಗಿ ಏಳರಿಂದ ಹತ್ತು ದಿನಕ್ಕೇ ಫಿಸಿಯೋಥೆರಪಿಸ್ಟ್ ನೆರವಿನಿಂದ ವ್ಯಾಯಾಮ ಶುರು ಮಾಡಿಸಿದರು. ಒಂದು ವರ್ಷದ ಹೊತ್ತಿಗೆ ಅವರ ಕೈ ಚೆನ್ನಾಗಿ ಆಡುತ್ತಿತ್ತು, ನೋವೂ ಕಡಿಮೆ ಇತ್ತು. ಆಪರೇಷನ್ ಇನ್ನೂ ಆಗಬೇಕಾದವರು ಇಲ್ಲಿದ್ದರೆ, ದಯವಿಟ್ಟು ಫಿಸಿಯೋ ಯಾವಾಗಿಂದ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಕಂಕುಳಿನ ಎಲ್ಲ ಗ್ರಂಥಿ ತೆಗೆಯುವ ಬದಲು ಮೊದಲ ಒಂದೆರಡನ್ನು ಮಾತ್ರ ತೆಗೆದು ಪರೀಕ್ಷಿಸುವ ವಿಧಾನ ನಿಮಗೆ ಆಗುತ್ತದೆಯಾ ಅಂತಲೂ ಕೇಳಿ. ಎಲ್ಲರಿಗೂ ಆಗುವುದಿಲ್ಲ. ಆಗುವವರಿಗೆ ನರಕ್ಕೆ ಪೆಟ್ಟು ಕಡಿಮೆ.

ವ್ಯಾಯಾಮದ ಬಗ್ಗೆ ನನ್ನ ಒಂದು ತಪ್ಪು ಹೇಳಿಬಿಡುತ್ತೇನೆ. ನೋವು ಕಮ್ಮಿ ಇದ್ದ ದಿನ ಇಡೀ ಮನೆ ಕೆಲಸ ಮಾಡಿ ಮುಗಿಸುತ್ತಿದ್ದೆ. ಮಾರನೇ ದಿನ ಹಾಸಿಗೆ. ಮತ್ತೆ ಮೂರು ದಿನ ಏಳಲಾಗುತ್ತಿರಲಿಲ್ಲ. ಆಮೇಲೆ ಗಡಿಯಾರ ಇಟ್ಟುಕೊಂಡು ಕೆಲಸ ಮಾಡುವುದು ಕಲಿತೆ. ಹದಿನೈದು ನಿಮಿಷ ಕೆಲಸ, ನೋವು ಬರುವ ಮೊದಲೇ ನಿಲ್ಲಿಸಿ ಹತ್ತು ನಿಮಿಷ ಕೂರುವುದು. ಒಳ್ಳೆಯ ದಿನವೂ ಅಷ್ಟೇ, ಕೆಟ್ಟ ದಿನವೂ ಅಷ್ಟೇ. ವಾರಕ್ಕೆ ಒಂದೆರಡು ನಿಮಿಷ ಏರಿಸಿದೆ. ಒಳ್ಳೆಯ ದಿನ ಕೈ ಕಟ್ಟಿ ಕೂರುವುದೇ ಇದರಲ್ಲಿ ಕಷ್ಟದ ಭಾಗ.

ಭಾರ ಅನ್ನುವ ಪದವನ್ನು ಬೇರೆ ಇಡಬೇಕು. ಕೈ ಭಾರ, ಉಂಗುರ ಬಿಗಿ, ತೋಳಿನ ಬಟ್ಟೆ ಒಂದೇ ಕಡೆ ಬಿಗಿ ಅನ್ನಿಸಿದರೆ ಅದು ನೀರು ತುಂಬಿಕೊಳ್ಳುವ ಲಿಂಫೆಡೀಮಾ ಇರಬಹುದು. ಬೇಗ ತೋರಿಸಿದಷ್ಟೂ ಹಿಡಿತಕ್ಕೆ ಬರುತ್ತದೆ. ಕೈಯಲ್ಲಿ ಭಾರ ಎತ್ತಲೇಬಾರದು ಎಂದು ಹಿಂದೆಲ್ಲ ಹೇಳುತ್ತಿದ್ದರು. ಆದರೆ ನಿಧಾನವಾಗಿ, ಕಲಿಸುವವರ ಮುಂದೆ ತೂಕ ಎತ್ತುವ ವ್ಯಾಯಾಮ ಮಾಡಿದರೆ ಊತ ಹೆಚ್ಚುವುದಿಲ್ಲ ಎಂದು 2009ರಲ್ಲೇ ಅಮೆರಿಕದ ಒಂದು ಅಧ್ಯಯನ ತೋರಿಸಿದೆ.

ಇಲ್ಲದ ಸ್ತನದಲ್ಲಿ ಕೆರೆತ, ನೋವು ಬರುತ್ತದೆ ಅಂತ ಹೇಳಲು ನಾಚಿಕೊಳ್ಳುವವರಿದ್ದಾರೆ. ನಾಚಿಕೊಳ್ಳಬೇಡಿ. ಕಾಲು ಕಳೆದುಕೊಂಡ ಸೈನಿಕರಿಗೆ ಇಲ್ಲದ ಕಾಲು ನೋಯುತ್ತದೆ ಎಂದು ವೈದ್ಯ ಸೈಲಾಸ್ ವಿಯರ್ ಮಿಚೆಲ್ 1871ರಲ್ಲೇ ಬರೆದರು, ಅದಕ್ಕೊಂದು ಹೆಸರೂ ಕೊಟ್ಟರು. ಸ್ತನಕ್ಕೂ ಹಾಗೇ ಆಗುತ್ತದೆ. ಮಿದುಳಿನಲ್ಲಿರುವ ಮೈಯ ನಕ್ಷೆಯಿಂದ ಅದು ಇನ್ನೂ ಅಳಿಸಿಹೋಗಿಲ್ಲ, ಅಷ್ಟೇ.

ಕೀಲುನೋವನ್ನೂ ಮರೆಯಬಾರದು. ಮುಟ್ಟು ನಿಂತ ಮೇಲೆ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ತಗೊಳ್ಳುವವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿಗೆ ಬೆರಳು, ಮಂಡಿ, ಮಣಿಕಟ್ಟು ನೋಯುತ್ತವೆ. ಬೆಳಿಗ್ಗೆ ಎದ್ದಾಗ ಬಿಗಿತ ಜಾಸ್ತಿ. ವಯಸ್ಸಾಯಿತು ಅಂದುಕೊಂಡು ಸುಮ್ಮನಿರುತ್ತಾರೆ, ಇಲ್ಲವೇ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸುತ್ತಾರೆ. ಎರಡನೆಯದು ಅಪಾಯ. ಆ ಮಾತ್ರೆ ಕ್ಯಾನ್ಸರ್ ಮರಳದಂತೆ ಕಾಯುತ್ತಿರುತ್ತದೆ. ಹೇಳಿದರೆ ಅದೇ ಗುಂಪಿನ ಬೇರೆ ಮಾತ್ರೆಗೆ ಬದಲಾಯಿಸಬಹುದು. ವ್ಯಾಯಾಮವೂ ಕೈ ಹಿಡಿಯುತ್ತದೆ. 2015ರಲ್ಲಿ ಪ್ರಕಟವಾದ, 121 ಮಹಿಳೆಯರ ಅಧ್ಯಯನವೊಂದರಲ್ಲಿ ವಾರಕ್ಕೆ ಎರಡು ಸಲ ತೂಕದ ವ್ಯಾಯಾಮ, ಜೊತೆಗೆ ಬಿರುಸು ನಡಿಗೆ ಮಾಡಿದವರ ಕೀಲುನೋವು ಒಂದು ವರ್ಷದಲ್ಲಿ ಚೆನ್ನಾಗಿ ಇಳಿಯಿತು.

ಈಗ ಭಯದ ಮಾತು. ಇದನ್ನು ಆತುರದಲ್ಲಿ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ.

ಕ್ಯಾನ್ಸರ್ ಬಂದ ಮೇಲೆ ಯಾವ ನೋವೂ ಬರೀ ನೋವಾಗಿ ಉಳಿಯುವುದಿಲ್ಲ. ಬೆನ್ನು ಹಿಡಿದುಕೊಂಡರೆ ಮೂಳೆಗೆ ಬಂತಾ? ತಲೆನೋವು ಬಂದರೆ ಮಿದುಳಿಗೆ ಬಂತಾ? ರಾತ್ರಿ ಎರಡು ಗಂಟೆಗೆ ಎದ್ದು ಕೂತು, ದೀಪವನ್ನೂ ಹಾಕದೆ, ಕತ್ತಲಲ್ಲೇ ಗುರುತಿನ ಉದ್ದಕ್ಕೂ ಬೆರಳಾಡಿಸಿ ಗಂಟು ಹುಡುಕಿದ್ದೇನೆ. ಒತ್ತಿ ಒತ್ತಿ ಹುಡುಕಿದ್ದರಿಂದಲೇ ಬೆಳಿಗ್ಗೆ ಅಲ್ಲಿ ನೋಯುತ್ತಿತ್ತು. ಆ ನೋವು ನೋಡಿ ಮತ್ತೆ ಭಯ. ಹೆದರಬೇಡ ಅಂತ ಯಾರು ಹೇಳಿದರೂ ಅದು ಹೋಗಲಿಲ್ಲ. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅಂತ ನನ್ನ ಡಾಕ್ಟರ ಹತ್ತಿರ ಕೇಳಿ ಬರೆದಿಟ್ಟುಕೊಂಡ ಮೇಲೆ ಹತೋಟಿಗೆ ಬಂತು.

ನನ್ನ ಚೀಟಿಯಲ್ಲಿ ಇರುವುದು ಹೀಗೆ. ಬಂದು ಹೋಗುವ ಚಳಕು, ಹವಾಮಾನಕ್ಕೆ, ಆಯಾಸಕ್ಕೆ ಏರಿಳಿಯುವ ಹಳೇ ನೋವು, ಕೈ ಇಟ್ಟ ರೀತಿ ಬದಲಿಸಿದರೆ ಕಮ್ಮಿಯಾಗುವ ನೋವು ಬಂದರೆ ಮುಂದಿನ ತಪಾಸಣೆಯಲ್ಲಿ ಹೇಳಿದರೆ ಸಾಕು. ಗುರುತಿನ ಮೇಲೆ ಅಥವಾ ಕಂಕುಳಲ್ಲಿ ಹೊಸ ಗಂಟು, ಹೊಸ ದದ್ದು ಕಂಡರೆ, ಮೂಳೆಯಲ್ಲಿ ಒಂದೇ ಕಡೆ ಹೊಸ ನೋವು ಬಂದು ಎರಡು ವಾರವಾದರೂ ಹೋಗದೆ, ಮಲಗಿದಾಗಲೂ ಬಿಡದೆ, ದಿನೇ ದಿನೇ ಏರುತ್ತಿದ್ದರೆ ತಪಾಸಣೆಗೆ ಕಾಯದೆ ಹೋಗಬೇಕು. ಕೈ ಅಥವಾ ಎದೆ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅವತ್ತೇ. ಉಸಿರು ಕಟ್ಟಿದರೆ, ಎದೆ ಹಿಂಡಿದರೆ, ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಹೋದರೆ, ಮೂತ್ರದ ಹಿಡಿತ ತಪ್ಪಿದರೆ ಒಂದು ಗಳಿಗೆಯೂ ತಡ ಮಾಡದೆ ತುರ್ತು ಚಿಕಿತ್ಸೆಗೆ. ನಿಮ್ಮ ಚೀಟಿ ನಿಮ್ಮ ಡಾಕ್ಟರ ಹತ್ತಿರ ಕೇಳಿ ಮಾಡಿಕೊಳ್ಳಿ. ನನ್ನದು ನನ್ನ ಕಪಾಟಿನ ಬಾಗಿಲ ಒಳಗಡೆ ಅಂಟಿಸಿದೆ. ರಾತ್ರಿ ಎರಡು ಗಂಟೆಗೆ ಈಗಲೂ ಒಮ್ಮೊಮ್ಮೆ ಎದ್ದು ಓದುತ್ತೇನೆ. ಓದಿ ಮಲಗುತ್ತೇನೆ. ಮಲಗುವಾಗ ತೋಳಿನ ಕೆಳಗೆ ಒಂದು ಚಿಕ್ಕ ದಿಂಬು ಇಟ್ಟು ನೋಡಿ, ಕಂಕುಳಿನ ಎಳೆತ ಕಮ್ಮಿಯಾಗುತ್ತದೆ.

ನೋವಿನ ಪುಸ್ತಕದ ಬಗ್ಗೆ ಹೇಳುತ್ತೇನೆ. ಅಂಗೈ ಅಗಲದ ಪುಸ್ತಕ ಸಾಕು. ನನ್ನದರ ಒಂದು ಪುಟ ಓದುತ್ತೇನೆ. "ಸೋಮವಾರ. ಬೆಳಿಗ್ಗೆ ತೋಳಲ್ಲಿ ಉರಿ, ಹತ್ತರಲ್ಲಿ ನಾಲ್ಕು. ತಲೆ ಬಾಚುವಾಗ ಕಂಕುಳು ಎಳೆತ. ಸಂಜೆ ಉರಿ ಹತ್ತರಲ್ಲಿ ಏಳು, ಬ್ರಾ ತೆಗೆದ ಮೇಲೆ ಐದು. ನಿದ್ದೆ ಮೂರು ಗಂಟೆ." ಒಂದು ವಾರ ಬರೆದ ಮೇಲೆ ಕಣ್ಣಿಗೆ ಬಿತ್ತು. ದಿನಾ ಸಂಜೆ ಬ್ರಾ ತೆಗೆದ ಮೇಲೆ ನೋವು ಇಳಿಯುತ್ತಿತ್ತು. ಪಟ್ಟಿ ಸರಿಯಾಗಿ ಗುರುತಿನ ಮೇಲೆ ಕೂರುತ್ತಿತ್ತು. ಕೃತಕ ಸ್ತನದ ತೂಕ ಭುಜವನ್ನು ಎಳೆಯುತ್ತಿತ್ತು. ಅಗಲ ಪಟ್ಟಿಯದಕ್ಕೆ ಬದಲಾಯಿಸಿದೆ, ಮನೆಯಲ್ಲಿದ್ದಾಗ ಹಗುರದ್ದು ಹಾಕಿದೆ. ಇದಕ್ಕೆ ಯಾವ ಔಷಧಿಯೂ ಬೇಕಿರಲಿಲ್ಲ. ಬರೆಯದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಮುಂದಿನ ತಪಾಸಣೆಯಲ್ಲಿ ಪುಸ್ತಕವನ್ನೇ ಡಾಕ್ಟರ ಮುಂದೆ ಇಟ್ಟೆ. ಅವರು ಎರಡು ಪುಟ ಓದಿ, ಅವತ್ತೇ ನರದ ಔಷಧಿ ಶುರು ಮಾಡಿದರು. ಹನ್ನೊಂದು ತಿಂಗಳು ಬಾಯಲ್ಲಿ ಬರದಿದ್ದನ್ನು ಆ ಎರಡು ಪುಟ ಹೇಳಿತು.

ಮನೆಯವರಿಗೆ ಒಂದೇ ಮಾತು. "ಇನ್ನೂ ನೋಯುತ್ತಾ?" ಅಂತ ಕೇಳಬೇಡಿ. ಆ "ಇನ್ನೂ" ನಮ್ಮ ಬಾಯಿ ಮುಚ್ಚಿಸುತ್ತದೆ. "ಇವತ್ತು ಹೇಗಿದೆ?" ಅಂತ ಕೇಳಿ. ಉತ್ತರ ಬಂದ ಮೇಲೆ ಸಲಹೆ ಕೊಡದೆ ಒಂದು ನಿಮಿಷ ಕೂತಿರಿ. ನನ್ನ ಯಜಮಾನರಿಗೆ ಇದು ಕಲಿಯಲು ತುಂಬ ದಿನ ಹಿಡಿಯಿತು. ಅವರಿಗೆ ನನ್ನ ನೋವು ನೋಡಲಾಗುತ್ತಿರಲಿಲ್ಲ, ಅದಕ್ಕೇ ಬೇಗ ಬೇಗ ಏನಾದರೂ ಪರಿಹಾರ ಹೇಳಿಬಿಡುತ್ತಿದ್ದರು. ಈಗ ಬಂದು ಪಕ್ಕದಲ್ಲಿ ಕೂರುತ್ತಾರೆ.

ನನ್ನ ನೋವು ಪೂರ್ತಿ ಹೋಗಿದೆಯಾ ಅಂತ ಕೇಳಿದರೆ, ಇಲ್ಲ. ಉರಿ ಹತ್ತರಲ್ಲಿ ಏಳು ಇದ್ದದ್ದು ಈಗ ಒಂದೋ ಎರಡೋ. ಎಷ್ಟೋ ದಿನ ಸೊನ್ನೆ. ತೋಳಿನ ಒಳಗಡೆ ಅಂಗೈ ಅಗಲದಷ್ಟು ಜಾಗ ಈಗಲೂ ಮರಗಟ್ಟಿದೆ. ಅದು ಹಾಗೇ ಇರಬಹುದು ಅಂದಿದ್ದಾರೆ. ಅದರ ಜೊತೆ ಬದುಕುವುದು ಅಭ್ಯಾಸವಾಗಿದೆ. ಕೈ ತಲೆಯ ಮೇಲೆ ಹೋಗುತ್ತದೆ. ರಾತ್ರಿ ನಿದ್ದೆ ಬರುತ್ತದೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ಅರವತ್ತರ ಆಸುಪಾಸಿನವರು. "ಮೇಡಂ, ನನಗೆ ಆಪರೇಷನ್ ಆಗಿ ಎಂಟು ವರ್ಷ ಆಯಿತು. ಈಗ ಹೇಳಿದರೆ ಏನಾದರೂ ಪ್ರಯೋಜನ ಇದೆಯಾ?" ಎಂದು ಕೇಳಿದರು. ಇದೆ ಅಮ್ಮ ಅಂದೆ. ನರದ ಔಷಧಿಗೆ ಎಂಟು ವರ್ಷದ ಹಳೇ ನೋವು ಅಂತ ಅಡ್ಡಿಯೇನೂ ಇಲ್ಲ. ಲಿಡೊಕೇನ್ ಪಟ್ಟಿ ಅಂತ ಚರ್ಮದ ಮೇಲೆ ಅಂಟಿಸುವುದು ಇದೆ. ನೋವಿನ ತಜ್ಞರು ಬೇಕಾದರೆ ನರದ ಬುಡಕ್ಕೆ ಇಂಜೆಕ್ಷನ್ ಕೊಡುತ್ತಾರೆ. ಬಿಗಿದ ಭುಜ ಎಷ್ಟೋ ವರ್ಷದ ಮೇಲೂ ಸಡಿಲವಾಗುತ್ತದೆ. "ಮೊದಲು ಹೇಳಿ, ಹೇಗಿದೆ ನೋವು?" ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಪಕ್ಕದಲ್ಲಿ ಕೂತಿದ್ದ ಮಗಳು ತಲೆ ಎತ್ತಿ ಅಮ್ಮನನ್ನೇ ನೋಡುತ್ತಿದ್ದಳು. ಆಮೇಲೆ ಅವರು ಎಡಗೈಯನ್ನು ಮೆಲ್ಲಗೆ ಬಲ ಕಂಕುಳಿನ ಕಡೆ ಒಯ್ದು, "ಇಲ್ಲಿಂದ ಶುರುವಾಗುತ್ತೆ" ಅಂದರು. "ಒದ್ದೆ ಬಟ್ಟೆ ಹಿಂಡ್ತೀವಲ್ಲ, ಹಾಗೆ ಹಿಂಡುತ್ತೆ. ಆಮೇಲೆ ಮೊಣಕೈ ತನಕ ಇರುವೆ ಸಾಲು ಹೋದ ಹಾಗೆ."